ಆಲ್ಡರ್‌ಬಿಗಾಗಿ ಕೊಟ್ಟ ಮುಡಿ

ರಘುನಾಥನ ತಲೆಗೂದಲಿನ ಬಗ್ಗೆ ಕಡಲಾಚೆಯ ಮಿಲ್ಟನ್ ಊರಿನ ಕನ್ನಡಿಗರಲ್ಲಿ ಎರಡು ಅಭಿಪ್ರಾಯಗಳಿದ್ದವು. ಕೆಲವರು ಅದು ವಿಗ್ ಎನ್ನುತ್ತಿದ್ದರು, ಉಳಿದವರು ಡೈ ಎನ್ನುತ್ತಿದ್ದರು. ಎರಡೂ ಅಪ್ಪಟ ಹೊಟ್ಟೆಕಿಚ್ಚಿನ ಮಾತು. ಐವತ್ತೆರಡಾದರೂ ಅವನ ಕೂದಲು ಹಣೆಯಿಂದ ಒಂದಿಂಚೂ ಹಿಂದೆ ಸರಿದಿರಲಿಲ್ಲ. ಸೇತುವೆಗಳ ವಿನ್ಯಾಸ ಮಾಡುವ ಎಂಜಿನಿಯರಾದ ಅವನು ಸೇತುವೆಗೆ ಕೊಡುವಷ್ಟೇ ಗಮನವನ್ನು ತಲೆಗೂ ಕೊಡುತ್ತಿದ್ದ. ಪ್ರತಿ ಭಾನುವಾರ ಬೆಳಿಗ್ಗೆ ಹರಳೆಣ್ಣೆ ಬಿಸಿ ಮಾಡಿಕೊಂಡು ಬೇಸ್‌ಮೆಂಟಿಗೆ ಇಳಿದರೆ ಒಂದೂವರೆ ಗಂಟೆ ಮೇಲೆ ಬರುತ್ತಿರಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಗಂಡ ಕನ್ನಡಿಗೆ ಕೊಟ್ಟಷ್ಟು ಸಮಯ ತನಗೆ ಕೊಟ್ಟಿಲ್ಲ ಎಂದು ಅರುಂಧತಿ ಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಕೂದಲನ್ನು ಬಿಟ್ಟರೆ ಅವನಿಗಿದ್ದ ಇನ್ನೊಂದು ಹುಚ್ಚು ಆಲ್ಡರ್‌ಬಿ ಟೌನ್. ಇಂಗ್ಲೆಂಡಿನ ಉತ್ತರದಲ್ಲಿ, ಎರಡನೇ ದರ್ಜೆಯಲ್ಲಿ ಆಡುವ ಒಂದು ಬಡಪಾಯಿ ಫುಟ್‌ಬಾಲ್ ಕ್ಲಬ್ಬು. ಇಪ್ಪತ್ತೇಳು ವರ್ಷಗಳ ಹಿಂದೆ ಅವನು ಎಂ.ಎಸ್ಸಿ. ಮಾಡಲು ಮೈಸೂರಿನಿಂದ ಆ ಊರಿಗೆ ಹೋಗಿ, ಮೀನು ಕರಿಯುವ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಮೂಗು ಮುಚ್ಚಿಕೊಂಡು ಒಂದು ವರ್ಷ ಕಳೆದಿದ್ದ. ಮೂರು ತಿಂಗಳು ಯಾರೊಂದಿಗೂ ಸರಿಯಾಗಿ ಮಾತಿಲ್ಲದೆ ಕೂತಿದ್ದವನನ್ನು ಆ ಅಂಗಡಿಯ ಮಾಲೀಕ ಒಂದು ಶನಿವಾರ ಮ್ಯಾಚಿಗೆ ಎಳೆದುಕೊಂಡು ಹೋದ. ಆಲ್ಡರ್‌ಬಿ ಸೋತಿತು. ಪಕ್ಕದಲ್ಲಿದ್ದ ಅಪರಿಚಿತನೊಬ್ಬ ರಘುನಾಥನ ಹೆಗಲ ಮೇಲೆ ಕೈ ಹಾಕಿ, ಮನೆಯವರೇ ಹೋದಹಾಗೆ ಗೋಳಾಡಿದ. ಅಂದಿನಿಂದ ಆ ಕ್ಲಬ್ಬಿನ ಸೋಲೆಲ್ಲ ಇವನದೂ ಆಯಿತು. ಸೋಲಿಗೆ ಬರವೂ ಇರಲಿಲ್ಲ. ಅಷ್ಟು ವರ್ಷಗಳಲ್ಲಿ ಆಲ್ಡರ್‌ಬಿ ಎರಡು ಸಲ ಮೂರನೇ ದರ್ಜೆಗೆ ಬಿದ್ದು ಎದ್ದು ಬಂದಿತ್ತೇ ಹೊರತು ಮೊದಲನೇ ದರ್ಜೆಯ ಮುಖ ನೋಡಿರಲಿಲ್ಲ.

ಈ ಹುಚ್ಚಿಗೆ ಮನೆಯಲ್ಲಿ ಒಬ್ಬ ಪಾಲುದಾರನೂ ಇದ್ದ. ಹದಿನಾರು ವರ್ಷದ ಮಗ ಸುಧನ್ವ. ಅವನ ಹೈಸ್ಕೂಲಿನ ಹುಡುಗರೆಲ್ಲ ಹೆಸರುವಾಸಿ ಕ್ಲಬ್ಬುಗಳ ಜರ್ಸಿ ಹಾಕಿಕೊಂಡು ಮೆರೆದರೆ ಇವನು ಆಲ್ಡರ್‌ಬಿಯ ಕಂದು ಪಟ್ಟೆಯ ಜರ್ಸಿ ತೊಟ್ಟು ದಿನವೂ ಗೇಲಿಗೆ ಗುರಿಯಾಗುತ್ತಿದ್ದ. ಅಪ್ಪನ ಕ್ಲಬ್ಬು ಎಂಬುದಲ್ಲದೆ ಅದಕ್ಕೆ ಬೇರೆ ಕಾರಣವಿರಲಿಲ್ಲ. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವ, ಊಟದ ಮೇಜಿನಲ್ಲಿ ಹೂಂ ಉಹೂಂಗಳಲ್ಲೇ ಸಂಸಾರ ತೂಗಿಸುವ ಈ ಹುಡುಗ ಶನಿವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಸೋಫಾದ ಮೇಲೆ ಅಪ್ಪನ ಪಕ್ಕ ಬಂದು ಕೂರುತ್ತಿದ್ದ. ಇಂಗ್ಲೆಂಡಿನ ಮಧ್ಯಾಹ್ನದ ಆಟ ಇಲ್ಲಿ ಉಪ್ಪಿಟ್ಟಿನ ಹೊತ್ತಿಗೆ ಬರುತ್ತದೆ. ಆ ಎರಡು ಗಂಟೆ ಅಪ್ಪ ಮಗ ಒಟ್ಟಿಗೆ ಬೈದು, ಒಟ್ಟಿಗೆ ಹಾರಿ, ಒಟ್ಟಿಗೆ ತಲೆ ಚಚ್ಚಿಕೊಳ್ಳುತ್ತಿದ್ದರು. ರಘುನಾಥನಿಗೆ ವಾರವೆಲ್ಲ ಕಾಯುವಂತಹ ಸುಖ ಅದೊಂದೇ.

ಜನವರಿಯಲ್ಲಿ ಒಂದು ಶನಿವಾರ ಆಲ್ಡರ್‌ಬಿ ನಾಲ್ಕು ಗೋಲಿನಿಂದ ಸೋತು ಇಪ್ಪತ್ತನಾಲ್ಕು ತಂಡಗಳಲ್ಲಿ ಹದಿನೇಳನೆಯದಾಯಿತು. ಮೈಸೂರಿನಿಂದ ಬಂದಿದ್ದ ಅತ್ತೆ ಕಮಲಮ್ಮ ಕಿಟಕಿಯ ಬಳಿ ಮೆಂತ್ಯ ಸೊಪ್ಪು ಬಿಡಿಸುತ್ತಾ, ಅಳಿಯ ಯಾಕೆ ಹೀಗೆ ಮುಖ ಇಳಿಬಿಟ್ಟುಕೊಂಡಿದ್ದಾನೆ ಎಂದು ವಿಚಾರಿಸಿದರು. ರಘುನಾಥ ಎಲ್ಲ ವಿವರಿಸಿದ. ಮೊದಲೆರಡು ಸ್ಥಾನದವರು ನೇರವಾಗಿ ಮೇಲಿನ ದರ್ಜೆಗೆ ಹೋಗುತ್ತಾರೆ, ಮುಂದಿನ ನಾಲ್ವರು ತಮ್ಮತಮ್ಮಲ್ಲೇ ಹೊಡೆದಾಡಿ ಒಬ್ಬರು ಹೋಗುತ್ತಾರೆ, ನಮ್ಮವರಿಗೆ ಈ ಜನ್ಮದಲ್ಲಿ ಆ ಯೋಗವಿಲ್ಲ ಎಂದ. ಅಷ್ಟಕ್ಕೆ ಸುಮ್ಮನಿರಬೇಕಿತ್ತು.

"ಇವರೇನಾದ್ರೂ ಈ ವರ್ಷ ಪ್ರಮೋಟ್ ಆದ್ರೆ ನಾನು ನಂಜುಂಡೇಶ್ವರನಿಗೆ ಮುಡಿ ಕೊಡ್ತೀನಿ ಅತ್ತೆ" ಎಂದು ನಕ್ಕ.

ಕಮಲಮ್ಮ ನಗಲಿಲ್ಲ. ಸೊಪ್ಪು ಬದಿಗಿಟ್ಟು ಎದ್ದರು, ಕೈಕಾಲು ತೊಳೆದರು, ಬಿಳಿ ಬಟ್ಟೆಯ ಚೂರೊಂದನ್ನು ಅರಿಶಿನದಲ್ಲಿ ಅದ್ದಿ, ಅದರಲ್ಲಿ ಇಲ್ಲಿಯದೇ ಒಂದು ಡಾಲರ್ ನಾಣ್ಯವಿಟ್ಟು ಗಂಟು ಕಟ್ಟಿ ದೇವರ ಮುಂದಿಟ್ಟು ಕೈ ಮುಗಿದರು. ಹರಕೆಯ ಮುಡಿಪು ಕಟ್ಟಿದ ಮೇಲೆ ತಮಾಷೆ ಎಂಬ ಮಾತೇ ಇಲ್ಲ. ರಘುನಾಥ ಕಕ್ಕಾಬಿಕ್ಕಿಯಾಗಿ ಸುಮ್ಮನೆ ಹೇಳಿದೆ ಅತ್ತೆ ಎಂದರೆ, ನಂಜುಂಡೇಶ್ವರ ಸುಮ್ಮನೆ ಕೇಳಿಸಿಕೊಳ್ಳುವವನಲ್ಲ ಎಂದು ಅವರು ಮತ್ತೆ ಸೊಪ್ಪಿಗೆ ಕೂತರು.

ಮುಂದಿನ ಶನಿವಾರ ಆಲ್ಡರ್‌ಬಿ ಗೆದ್ದಿತು. ಅದರ ಮುಂದಿನ ಶನಿವಾರವೂ ಗೆದ್ದಿತು. ಫೆಬ್ರವರಿಯಲ್ಲಿ ಸೋಲುವುದನ್ನೇ ಮರೆತುಬಿಟ್ಟಿತು. ಮೊದಮೊದಲು ರಘುನಾಥನೂ ಕುಣಿದ. ಹನ್ನೊಂದನೇ ಸ್ಥಾನಕ್ಕೆ ಬಂದಾಗ ಮಾತ್ರ ಅವನ ಕೈ ತಾನಾಗಿಯೇ ತಲೆಯ ಮೇಲೆ ಹೋಯಿತು. ಎಂಟನೇ ಸ್ಥಾನಕ್ಕೆ ಬಂದ ದಿನ ಅಡುಗೆಮನೆಗೆ ಹೋಗಿ, ಒಂದೆರಡು ಎಳೆ ಕತ್ತರಿಸಿಕೊಟ್ಟರೆ ನಡೆಯುವುದಿಲ್ಲವೇ ಎಂದು ಅತ್ತೆಯನ್ನು ನಯವಾಗಿ ಕೇಳಿದ. ಅದು ಹೂಮುಡಿ, ಹೆಂಗಸರಿಗೆ, ಗಂಡಸರು ಮುಡಿ ಎಂದು ಬಾಯಿಬಿಟ್ಟರೆ ಪೂರ್ತಿ ನುಣ್ಣಗೆ ಎಂದರು ಕಮಲಮ್ಮ. ಅರುಂಧತಿಗೆ ನಗು ತಡೆಯಲಾರದೆ ಗ್ಯಾರೇಜಿಗೆ ಓಡಬೇಕಾಯಿತು.

ಏಪ್ರಿಲ್ಲಿನ ಒಂದು ಆಟದಲ್ಲಿ ಆಗಬಾರದ್ದು ಆಗಿಯೇ ಹೋಯಿತು. ಆಲ್ಡರ್‌ಬಿ ಒಂದು ಗೋಲಿನಿಂದ ಮುಂದಿತ್ತು. ಗೆದ್ದರೆ ಆರನೇ ಸ್ಥಾನ, ಅಂದರೆ ಹೊಡೆದಾಡುವ ನಾಲ್ವರಲ್ಲಿ ಒಬ್ಬರು. ಕೊನೆಯ ನಿಮಿಷದಲ್ಲಿ ಎದುರಾಳಿಗಳು ಗೋಲು ಹೊಡೆದು ಸಮ ಮಾಡಿದರು. ಸುಧನ್ವ ದಿಂಬನ್ನು ನೆಲಕ್ಕೆ ಎಸೆದ. ಅದೇ ಹೊತ್ತಿಗೆ ರಘುನಾಥನ ಬಾಯಿಂದ "ಸದ್ಯ" ಎಂಬ ಮಾತು ಜಾರಿತು.

ಮಗ ತಿರುಗಿ ನೋಡಿದ. "ಅಪ್ಪಾ, ಯು ಆರ್ ಹ್ಯಾಪಿ" ಎಂದ.

ಅಲ್ಲ ಕಣೋ ಎಂದು ರಘುನಾಥ ನೆಲದ ಮೇಲಿನ ದಿಂಬನ್ನು ಎತ್ತಿಟ್ಟ. ಮಗ ಹೇಳಿದ್ದು ನಿಜವಾಗಿತ್ತು. ಸುಧನ್ವ ಉಪ್ಪಿಟ್ಟಿನ ತಟ್ಟೆಯನ್ನು ಸಿಂಕಿನಲ್ಲಿಟ್ಟು ಮಹಡಿಗೆ ಹೋದವನು ಮುಂದಿನ ಶನಿವಾರ ಕೆಳಗೆ ಬರಲಿಲ್ಲ. ತನ್ನ ಕೋಣೆಯಲ್ಲಿ ಲ್ಯಾಪ್‌ಟಾಪಿನಲ್ಲಿ ನೋಡಿದ. ಲ್ಯಾಪ್‌ಟಾಪು ಟೀವಿಗಿಂತ ಅರ್ಧ ನಿಮಿಷ ಹಿಂದಿತ್ತು. ಕೆಳಗೆ ಗೋಲಾಗಿ, ರಘುನಾಥ ಸೋಫಾದ ಮೇಲೆ ಒಬ್ಬನೇ ಕೂತು ಕೈ ಹಿಸುಕಿಕೊಂಡು ಮುಗಿಸಿದ ಮೇಲೆ ಮೇಲಿನಿಂದ ಮಗನ ಕೂಗು ಕೇಳಿಸುತ್ತಿತ್ತು. ಅವನಿಗೆ ನಾಚಿಕೆಯಾಯಿತು. ಇಪ್ಪತ್ತೇಳು ವರ್ಷ ಕಾದದ್ದು ಬಾಗಿಲಿಗೆ ಬಂದು ನಿಂತಾಗ ಒಂದು ಹಿಡಿ ಕೂದಲಿಗಾಗಿ ಬಾಗಿಲು ಹಾಕಿಕೊಳ್ಳಲು ನೋಡುತ್ತಿದ್ದೇನಲ್ಲ ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡದ್ದರಿಂದ ಏನೂ ಆಗಲಿಲ್ಲ. ಮುಂದಿನ ಆಟದಲ್ಲೂ ಮನಸ್ಸಿನ ಒಂದು ಮೂಲೆ, ಸೋಲಲಿ, ಸೋಲಲಿ ಎಂದು ಜಪಿಸುತ್ತಲೇ ಇತ್ತು.

ಆಲ್ಡರ್‌ಬಿಗೆ ಇವನ ಜಪ ತಟ್ಟಲಿಲ್ಲ. ಸೀಸನ್ನಿನ ಕೊನೆಯ ದಿನ ಆರನೇ ಸ್ಥಾನ ಹಿಡಿದು, ಸೆಮಿಫೈನಲ್ಲಿನಲ್ಲಿ ಮೂರನೆಯವರನ್ನು ಬಗ್ಗುಬಡಿದು, ಲಂಡನ್ನಿನ ವೆಂಬ್ಲಿಯಲ್ಲಿ ಆಡುವ ಫೈನಲ್ಲಿಗೆ ಹೋಯಿತು. ಇನ್ನೊಂದೇ ಆಟ. ಎದುರಿಗೆ ಮಾರ್‌ಸ್ಟನ್ ಸಿಟಿ. ಮೇ ತಿಂಗಳ ಶನಿವಾರ, ಇಲ್ಲಿಯ ಬೆಳಿಗ್ಗೆ ಹನ್ನೊಂದು ಗಂಟೆಗೆ.

ಹಿಂದಿನ ದಿನ ಶುಕ್ರವಾರ ಮಧ್ಯಾಹ್ನ ರಘುನಾಥ ಆಫೀಸಿನಿಂದ ಬೇಗ ಎದ್ದ. ಮಿಲ್ಟನ್ನಿನಲ್ಲಿ ಗುರುತಿನವರು ನೋಡಿಯಾರೆಂದು ಪಕ್ಕದ ಊರಾದ ಬ್ರ್ಯಾಂಪ್ಟನ್ನಿಗೆ ಹೋಗಿ, ಒಂದು ಪ್ಲಾಜಾದ ಕ್ಷೌರದಂಗಡಿಯಲ್ಲಿ ಕೂತ. ಕ್ಷೌರಿಕ ಅವನ ಕೂದಲಲ್ಲಿ ಬೆರಳಾಡಿಸಿ ಮೆಚ್ಚಿಕೊಂಡು, ಎಷ್ಟು ತೆಗೆಯಲಿ ಎಂದು ಹಿಂದಿಯಲ್ಲಿ ಕೇಳಿದ. ರಘುನಾಥ "ಪೂರಾ" ಎಂದ. ಕ್ಷೌರಿಕ ದನಿ ತಗ್ಗಿಸಿ, ಮನೆಯಲ್ಲಿ ಎಲ್ಲರೂ ಸರಿ ಇದ್ದಾರೆ ತಾನೇ ಎಂದು ವಿಚಾರಿಸಿದ. ಅವನೇಕೆ ಹಾಗೆ ಕೇಳಿದನೆಂದು ಯೋಚಿಸುವ ಸ್ಥಿತಿಯಲ್ಲಿ ರಘುನಾಥ ಇರಲಿಲ್ಲ. ಕಣ್ಣು ಮುಚ್ಚಿ ನಂಜುಂಡೇಶ್ವರನನ್ನು ನೆನೆದು ತಲೆ ಬಗ್ಗಿಸಿದ. ಕೂದಲನ್ನು ಒಂದು ಕಾಗದದ ಚೀಲದಲ್ಲಿ ಕಟ್ಟಿಸಿಕೊಂಡ. ಬರುವ ದಾರಿಯಲ್ಲಿ, ಗುರುತಿನವರ ಭಯ ಮರೆತು, ಮಿಲ್ಟನ್ನಿನ ಇಂಡಿಯನ್ ಸ್ಟೋರಿನಲ್ಲಿ ತೆಂಗಿನಕಾಯಿ, ಹೂವು ತೆಗೆದುಕೊಂಡು ಮನೆಗೆ ಬಂದ.

ಅರುಂಧತಿ ಒಂದು ಕ್ಷಣ ಯಾರೋ ಎಂದುಕೊಂಡು ಹಿಂದೆ ಸರಿದಳು. ಕಮಲಮ್ಮ ಗಾಬರಿಯಾದರು. ಹರಕೆ ಕೈಗೂಡಿದ ಮೇಲೆ ಮುಡಿ ಕೊಡುವುದುಂಟು, ಹೀಗೆ ಮುಂಗಡ ಕೊಟ್ಟು ದೇವರನ್ನೇ ಇಕ್ಕಟ್ಟಿಗೆ ಸಿಕ್ಕಿಸಿದವರನ್ನು ನಾನು ಕಂಡಿಲ್ಲ ಎಂದರು. ಆದರೂ ಜುಲೈನಲ್ಲಿ ಊರಿಗೆ ಹೋದಾಗ ನಂಜನಗೂಡಿಗೆ ಮುಟ್ಟಿಸುತ್ತೇನೆಂದು ಆ ಚೀಲ ತೆಗೆದುಕೊಂಡು ಸೂಟ್‌ಕೇಸಿನಲ್ಲಿಟ್ಟರು.

ರಘುನಾಥ ಮಹಡಿಗೆ ಹೋಗಿ ಮಗನ ಕೋಣೆಯ ಬಾಗಿಲಲ್ಲಿ ನಿಂತ. ಸುಧನ್ವ ಬಾಯಿ ತೆರೆದುಕೊಂಡು ನೋಡಿದ.

"ಇನ್ನು ಕಳ್ಕೊಳ್ಳೋಕೆ ನನ್ನತ್ರ ಏನೂ ಇಲ್ಲ ಕಣೋ. ನಾಳೆ ಮನಸಾರೆ ಗೆಲ್ಲಲಿ ಅನ್ಬೇಕು ನಂಗೆ. ಕೆಳಗೆ ಬಾ."

ಸುಧನ್ವ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಆದರೆ ಮರುದಿನ ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಜರ್ಸಿ ತೊಟ್ಟು ಇಳಿದು ಬಂದು ಸೋಫಾದ ಆ ತುದಿಗೆ ಕೂತ. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟ.

ಮೊದಲರ್ಧದಲ್ಲಿ ಗೋಲಿಲ್ಲ. ವಿರಾಮ ಮುಗಿಯುವ ಹೊತ್ತಿಗೆ ಡೋರ್‌ಬೆಲ್ಲಾಯಿತು. ಎರಡು ಬೀದಿ ಆಚೆಯ ಸತೀಶ ಮತ್ತು ಅವನ ಹೆಂಡತಿ ನೀರಜಾ. ಅವನು ಬಿಳಿ ಶರ್ಟು, ಅವಳು ಮಾಸಲು ಬಣ್ಣದ ಚೂಡಿದಾರ, ಕೈಯಲ್ಲಿ ಮೊಸರನ್ನದ ದೊಡ್ಡ ಡಬ್ಬಿ. ಯಾವಾಗಲಾದರೂ ಬಂದು ಮ್ಯಾಚು ನೋಡಿ ಎಂದು ತಿಂಗಳುಗಟ್ಟಲೆ ಕರೆದಿದ್ದು ಕೊನೆಗೂ ಫಲಿಸಿತಲ್ಲ ಎಂದು ರಘುನಾಥ ಹಿಗ್ಗಿದ. ಸತೀಶ ಅವನ ಎರಡೂ ಕೈ ಹಿಡಿದು ಒತ್ತಿದ. ಅರುಂಧತಿ ಕಾಫಿ ತರಲೇ ಎಂದರೆ ನೀರಜಾ, ಈಗ ಏನೂ ತೆಗೆದುಕೊಳ್ಳಬಾರದು ಎಂದು ಮೆಲ್ಲಗೆ ತಲೆಯಾಡಿಸಿದಳು. ಶನಿವಾರದ ಉಪವಾಸವಿರಬೇಕು ಎಂದುಕೊಂಡಳು ಅರುಂಧತಿ. ಇಬ್ಬರೂ ಕುರ್ಚಿಯ ತುದಿಯಲ್ಲಿ, ತೊಡೆಯ ಮೇಲೆ ಕೈಯಿಟ್ಟುಕೊಂಡು, ಟೀವಿಯನ್ನು ನೋಡಿಯೂ ನೋಡದಂತೆ ಕೂತರು.

ಮನೆಯವರು ಊಹಿಸದೆ ಹೋದದ್ದು ಇಷ್ಟೇ. ಹಿಂದಿನ ಸಂಜೆ ಇಂಡಿಯನ್ ಸ್ಟೋರಿನ ಬೇಳೆಯ ಸಾಲಿನ ಹಿಂದಿನಿಂದ ಸತೀಶ ರಘುನಾಥನ ಬೋಳುತಲೆ ನೋಡಿದ್ದ. ಅಂಥ ಕೂದಲನ್ನು ಮನುಷ್ಯ ತೆಗೆಸಬೇಕಾದರೆ ಮೈಸೂರಿನಲ್ಲಿ ತಂದೆ ತೀರಿಕೊಂಡಿರಲೇಬೇಕು ಎಂದುಕೊಂಡ. ಇಂಥದ್ದನ್ನು ಫೋನಿನಲ್ಲಿ ಕೇಳುವುದು ಸರಿಯಲ್ಲವೆಂದು ಗಂಡ ಹೆಂಡತಿ ದುಃಖ ವಿಚಾರಿಸಲು ಖುದ್ದಾಗಿ ಬಂದಿದ್ದರು.

ಎಪ್ಪತ್ತೆಂಟನೇ ನಿಮಿಷದಲ್ಲಿ ಮಾರ್‌ಸ್ಟನ್ ಗೋಲು ಹೊಡೆಯಿತು. ಮನಸ್ಸಿನ ಆ ಮೂಲೆ ಏನಾದರೂ ಪಿಸುಗುಟ್ಟೀತೇ ಎಂದು ರಘುನಾಥ ಹೆದರಿ ಕಿವಿಗೊಟ್ಟ. ಅಲ್ಲಿ ನೋವಲ್ಲದೆ ಏನೂ ಇರಲಿಲ್ಲ. ಅಯ್ಯೋ ಎಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ನೀರಜಾಳಿಗೂ ತಡೆಯಲಾಗಲಿಲ್ಲ, ದುಪಟ್ಟಾದ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊರಗಿನವರೂ ಆಲ್ಡರ್‌ಬಿಗಾಗಿ ಅಳುತ್ತಿದ್ದಾರಲ್ಲ ಎಂದು ಕಮಲಮ್ಮನ ಮನಸ್ಸು ತುಂಬಿ ಬಂತು. ಸುಧನ್ವ ಮಾತ್ರ ಅಪ್ಪನನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಸೋಫಾದ ನಡುವಿಗೆ ಸರಿದ.

ಎಂಬತ್ತಾರನೇ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡು ಯಾರದೋ ಮೊಣಕಾಲಿಗೆ ತಾಗಿ ಮಾರ್‌ಸ್ಟನ್ನಿನ ಬಲೆಯೊಳಗೆ ಹೋಯಿತು. ಸಮ. ಅಪ್ಪ ಮಗ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ತೊಂಬತ್ತೊಂದನೇ ನಿಮಿಷದಲ್ಲಿ ಆಲ್ಡರ್‌ಬಿಯ ಒಬ್ಬ ಸಣಕಲ ಹುಡುಗ ಮೂವರ ನಡುವೆ ನುಗ್ಗಿ ಎಡಗಾಲಲ್ಲಿ ಒದ್ದ. ಚೆಂಡು ಕಂಬಕ್ಕೆ ಬಡಿದು ಒಳಕ್ಕೆ ಬಿತ್ತು.

ರಘುನಾಥ ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಅವನು ಮಗನನ್ನು ಎತ್ತಿದ, ಇಳಿಸಿದ, ಹೆಂಡತಿಯ ಕೆನ್ನೆ ಹಿಂಡಿದ, ಅತ್ತೆಯ ಕಾಲಿಗೆ ಬಿದ್ದು, ಎದ್ದವನೇ ಸತೀಶನನ್ನು ಅಪ್ಪಿಕೊಂಡು ಕುಣಿದ. ಸತೀಶ ಮರಗಟ್ಟಿ ನಿಂತಿದ್ದ. ದುಃಖ ಹೆಚ್ಚಾಗಿ ಮನುಷ್ಯನಿಗೆ ಬುದ್ಧಿ ಪಲ್ಲಟವಾಗಿದೆ ಎಂದು ಅವನಿಗೆ ಖಾತ್ರಿಯಾಗಿತ್ತು. ಕಮಲಮ್ಮನ ಕಡೆ ತಿರುಗಿ, ತಂದೆಯವರು ಹೋದದ್ದು ಯಾವಾಗ ಎಂದು ಪಿಸುಮಾತಿನಲ್ಲಿ ಕೇಳಿದ.

"ಯಾರು, ಬೀಗರಾ? ಅವರಿಗೇನಾಗಿದೆ? ಬೆಳಿಗ್ಗೆ ತಾನೇ ಫೋನಲ್ಲಿ ಮಾವಿನಹಣ್ಣಿನ ಸುದ್ದಿ ಹೇಳ್ತಿದ್ರು" ಎಂದರು ಕಮಲಮ್ಮ. "ಈ ತಲೆ ಹೋಗಿದ್ದು ಫುಟ್‌ಬಾಲಿಗಪ್ಪ."

ನೀರಜಾಳ ಅಳು ಅರ್ಧದಲ್ಲೇ ನಗೆಯಾಗಿ, ನಗು ಬಿಕ್ಕಳಿಕೆಯಾಗಿ, ಕೊನೆಗೆ ಅರುಂಧತಿ ನೀರು ತಂದುಕೊಡಬೇಕಾಯಿತು. ಸತೀಶ ಹಣೆ ಒರೆಸಿಕೊಂಡು, ಹಾಗಾದರೆ ಕಾಫಿ ಕುಡಿಯಬಹುದು ಎಂದ. ಆಟ ಇನ್ನೂ ಮೂರು ನಿಮಿಷವಿತ್ತು. ಆ ಮೂರು ನಿಮಿಷ ಅವರೂ ನಿಂತೇ ನೋಡಿದರು, ಮೊಸರನ್ನದ ಡಬ್ಬಿ ನೀರಜಾಳ ಕಂಕುಳಲ್ಲೇ ಇತ್ತು.

ವಿಸಿಲ್ ಊದಿದಾಗ ರಘುನಾಥ ಕಾರ್ಪೆಟ್ಟಿನ ಮೇಲೆ ಕುಸಿದು ಕೂತ. ಟೀವಿಯಲ್ಲಿ ಕಂದು ಪಟ್ಟೆ ತೊಟ್ಟ ಮುದುಕರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಇವನೂ ಅತ್ತ. ಸುಧನ್ವ ಬಂದು ಪಕ್ಕದಲ್ಲಿ, ಹೆಗಲಿಗೆ ಹೆಗಲು ತಾಗಿಸಿ ಕೂತ.

"ಅವತ್ತು ನಾನು ತಪ್ಪು ಮಾಡಿದೆ ಕಣೋ" ಎಂದ ರಘುನಾಥ.

"ಐ ನೋ" ಎಂದ ಸುಧನ್ವ. ಆಮೇಲೆ ಹುಡುಕಿ ಹುಡುಕಿ ಕನ್ನಡದಲ್ಲಿ ಹೇಳಿದ: "ಪರ್ವಾಗಿಲ್ಲ ಅಪ್ಪಾ. ಇವತ್ತು ನನಗಿಂತ ಜೋರಾಗಿ ಕೂಗಿದ್ದು ನೀನು."