ಬಾಡಿಗೆ ಕೇಳುಗರು

ರಾತ್ರಿ ಎರಡು ಗಂಟೆಗೆ ರೇಡಿಯೋಗೆ ಫೋನ್ ಮಾಡುವವರು ಯಾರು? ನಿದ್ದೆ ಬಾರದವರು, ನಿದ್ದೆ ಮಾಡಬಾರದವರು, ಆಮೇಲೆ ಆ ಹೊತ್ತಿನ ಕಾರ್ಯಕ್ರಮ ನಡೆಸುವ ಅಣ್ಣನ ಮನೆಯವರು. ಮೊದಲಿನ ಇಬ್ಬರು ಕೈಕೊಟ್ಟ ರಾತ್ರಿ ಅಣ್ಣ ಒಂದು ಹಾಡು ಹಾಕಿ, ಮನೆಗೆ ಫೋನ್ ಮಾಡಿ, "ಏಳ್ರೇ, ಅಂಗಡಿ ಖಾಲಿ" ಎನ್ನುತ್ತಿದ್ದ. ತಂಗಿ ಹಾಸಿಗೆಯಲ್ಲೇ ಎದ್ದು ಕೂತು, ಮೂಗು ಹಿಡಿದುಕೊಂಡು ಲಾರಿ ಡ್ರೈವರನ ಹೆಂಡತಿಯಾಗುತ್ತಿದ್ದಳು. ಅತ್ತಿಗೆ ಗಂಟಲು ಸರಿಮಾಡಿಕೊಂಡು ನಿವೃತ್ತ ಟೀಚರ್ ಆಗುತ್ತಿದ್ದಳು. ಹೆಂಡತಿಯನ್ನು ಗಂಡ "ಏನು ಟೀಚರ್, ಕಾಲು ನೋವು ಹೇಗಿದೆ?" ಎಂದು ಇಡೀ ಊರಿನ ಮುಂದೆ ವಿಚಾರಿಸಿಕೊಳ್ಳುವುದೂ, ಅವಳು "ನಿಮ್ಮಂಥೋರು ಕೇಳೋದೇ ಹೆಚ್ಚು ಬಿಡಿ, ನಮ್ಮನೇಲಿ ಯಾರೂ ಕೇಳಲ್ಲ" ಎನ್ನುವುದೂ ನಡೆಯುತ್ತಿತ್ತು. ಇವರಿಗೆ ಅಣ್ಣ ಇಟ್ಟ ಹೆಸರು ಬಾಡಿಗೆ ಕೇಳುಗರು. ಬಾಡಿಗೆ ಮಾತ್ರ ಒಂದು ದಿನವೂ ಕೊಟ್ಟವನಲ್ಲ.

ಶೂ ಅಂಗಡಿಯ ಮೇಲಿನ ಎರಡು ಕೋಣೆಗಳೇ ಸ್ಟೇಷನ್ನು. ಕೇಳುಗರು ಕೊಟ್ಟಿದ್ದರಲ್ಲೇ ನಡೆಯುವ ರೇಡಿಯೋ ಆದ್ದರಿಂದ ಅಲ್ಲಿ ಒಂದಕ್ಕೊಂದು ತಾಳಮೇಳವಿಲ್ಲ. ಐದು ಕುರ್ಚಿಗೆ ಐದು ಎತ್ತರ. ಸದ್ದು ಹೀರಲೆಂದು ಗೋಡೆಗೆ ಬಡಿದಿರುವುದು ಯಾರದೋ ಮನೆಯ ಹಳೇ ಜಮಖಾನೆ. ಗಡಿಯಾರ ಏಳು ನಿಮಿಷ ಮುಂದಿದೆ. ಕೊಟ್ಟವರು ಬೇಜಾರು ಮಾಡಿಕೊಂಡಾರೆಂದು ಯಾರೂ ಅದನ್ನು ಮುಟ್ಟಿಲ್ಲ. ಹನ್ನೆರಡರಿಂದ ಐದರವರೆಗೆ ಹತ್ತೊಂಬತ್ತು ವರ್ಷ ಅಲ್ಲಿ ಕೂತು ಮಾತಾಡಿದ ಅಣ್ಣನಿಗೆ ಜನ ಗೂಬೆಯಣ್ಣ ಎಂದು ಹೆಸರಿಟ್ಟಿದ್ದರು. "ಬೇರೆಯೋರಿಗೆ ಅದು ಬೈಗುಳ, ನಂಗೆ ಡಿಗ್ರಿ" ಎಂದು ಅವನು ಬೀಗುತ್ತಿದ್ದ.

ನಾಲ್ಕು ತಿಂಗಳ ಹಿಂದೆ ಒಂದು ರಾತ್ರಿ ಅಣ್ಣ ಆ ಕುರ್ಚಿಯಲ್ಲೇ ಎದೆನೋವಿನಿಂದ ತೀರಿಕೊಂಡ. ಮೂರು ಗಂಟೆಗೆ ಮುಂಚೆಯೇ ಜೀವ ಹೋಗಿದೆ ಎಂದರು ಡಾಕ್ಟರು. ಊರಿನ ಅರ್ಧ ಜನ ಮಾತ್ರ ಮೂರೂಕಾಲು ಗಂಟೆಯವರೆಗೂ ಅವನ ಮಾತು ಕೇಳಿದ್ದೇವೆಂದು ಆಣೆ ಮಾಡಿದರು. ಯಾವುದೋ ಹೆಂಗಸಿನ ಜೊತೆ ಮಾತಾಡುತ್ತಿದ್ದನಂತೆ, ಅಷ್ಟು ಚೆನ್ನಾಗಿ ಅವನು ಎಂದೂ ಮಾತಾಡಿರಲಿಲ್ಲವಂತೆ.

ಅದರ ಗುಟ್ಟು ಸ್ಟೇಷನ್ನಿನವರಿಗೆ ಗೊತ್ತು. ನಲವತ್ತು ಸೆಕೆಂಡು ಯಾವ ಸದ್ದೂ ಹೊರಗೆ ಹೋಗದಿದ್ದರೆ ಅಲ್ಲಿನ ಯಂತ್ರ ತಾನಾಗಿ ಒಂದು ರೆಕಾರ್ಡಿಂಗ್ ಶುರುಮಾಡುತ್ತದೆ. ಅದಕ್ಕೆ ಕಾವಲು ಟೇಪು ಎನ್ನುತ್ತಾರೆ. ಯಂತ್ರ ನೋಡಿಕೊಳ್ಳುವ ಇಂಜಿನಿಯರ್ ಹಿಂದೊಮ್ಮೆ ಅಣ್ಣನನ್ನು ಕೂರಿಸಿ, ಅರ್ಧ ಗಂಟೆ ಏನಾದರೂ ಮಾತಾಡು ಎಂದಿದ್ದ. "ಗೋಡೆ ಜೊತೆ ಮಾತಾಡೋಕೆ ನನಗೆ ಬರಲ್ಲಪ್ಪ" ಎಂದ ಅಣ್ಣ, ಆ ಕಡೆ ಯಾರೋ ಇದ್ದಾರೆಂದುಕೊಂಡು ಕೇಳುತ್ತ, ಉತ್ತರಕ್ಕೆ ಜಾಗ ಬಿಡುತ್ತ, ಹೂಂಗುಟ್ಟುತ್ತ ಅರ್ಧ ಗಂಟೆ ಕಳೆದಿದ್ದ. ಟೇಪು ಓಡುವಾಗ ಮೈಕೂ ಫೋನೂ ತೆರೆದೇ ಇರುತ್ತವೆ. ಆ ರಾತ್ರಿ ಲೈನಿನಲ್ಲಿದ್ದ ಹೆಂಗಸು ಆ ಜಾಗಗಳಲ್ಲಿ ಮಾತಾಡಿದ್ದಳು. ಟೇಪು ಮುಗಿದ ಮೇಲೆ ಯಂತ್ರವೇ ಹಾಡುಗಳನ್ನು ಹಾಕಿತು, ಗೂಬೆಯಣ್ಣ ತೂಕಡಿಸುತ್ತಿದ್ದಾನೆಂದು ಊರು ಮಗ್ಗುಲು ಬದಲಿಸಿತು.

ಇಷ್ಟೇ ಆಗಿದ್ದರೆ ತಂಗಿ ಹೇಗೋ ತಡೆದುಕೊಳ್ಳುತ್ತಿದ್ದಳು. ಎರಡು ನಲವತ್ತಕ್ಕೆ ಅವಳ ಫೋನ್ ಬಡಿದುಕೊಂಡಿತ್ತು. ಮಾರನೆಯ ದಿನ ಕೊಡಬೇಕಾದ ಶಾಲೆಯ ಸಮವಸ್ತ್ರ ಹೊಲಿದು ಹೊಲಿದು, ಆಗ ತಾನೇ ಮೈ ಚಾಚಿದ್ದ ಟೈಲರ್ ಅವಳು. ಪರದೆಯ ಮೇಲೆ ಸ್ಟೇಷನ್ನಿನ ನಂಬರು ನೋಡಿ, ಇವನ ಅಂಗಡಿ ಯಾವಾಗಲೂ ಖಾಲಿ ಎಂದು ಗೊಣಗಿ, ಕಟ್ ಮಾಡಿ ಮಲಗಿದಳು. ಬೆಳಗ್ಗೆ ಹೆಣದ ಪಕ್ಕ ಕೂತಿದ್ದ ಅತ್ತಿಗೆಗೆ, ಅವಳು ಕೇಳದಿದ್ದರೂ, "ನನ್ನ ಫೋನ್ ಆಫ್ ಆಗಿತ್ತು ಅತ್ತಿಗೆ" ಎಂದಳು. ಅತ್ತಿಗೆ "ನಾನೂ ಒಳ್ಳೆ ನಿದ್ದೇಲಿದ್ದೆ" ಎಂದಳು. ಅಲ್ಲಿಂದ ಇಬ್ಬರೂ ಆ ಮಾತೆತ್ತಲಿಲ್ಲ. ಬೇಗ ಆಸ್ಪತ್ರೆ ಮುಟ್ಟಿದ್ದರೆ ಉಳಿಯುತ್ತಿದ್ದನೇನೋ ಎಂದು ಡಾಕ್ಟರು ಅಂದ ಮಾತು ತಂಗಿಯ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಕೂತುಬಿಟ್ಟಿತು.

ಅಣ್ಣನ ಕುರ್ಚಿಗೆ ಬೇರೆ ಯಾರೂ ಬರಲಿಲ್ಲ, ಅವಳೇ ಬಂದಳು. ಬಂದವಳು ಬಾಯಿ ಮುಚ್ಚಲಿಲ್ಲ. ಕಾಜಾ ಹೊಲಿಯುವ ರೀತಿ ಹೇಳಿದಳು, ಅಕ್ಕಪಕ್ಕದವರ ಬೆಕ್ಕುಗಳ ಕಥೆ ಹೇಳಿದಳು, ಹಾಡಿನ ನಡುವೆಯೂ ಹಾಡಿಗಿಂತ ಜೋರಾಗಿ ಮಾತಾಡಿದಳು. ಅಣ್ಣ ಗೂಬೆಯಾದರೆ ತಂಗಿ ಗಿರಣಿ ಎಂದು ಜನ ನಕ್ಕರು. ನಲವತ್ತು ಸೆಕೆಂಡು ಸುಮ್ಮನಿದ್ದರೆ ಯಾರು ಮಾತಾಡಲು ಶುರುಮಾಡುತ್ತಾರೆಂಬ ಭಯಕ್ಕೆ ಅವಳು ಮಾತಾಡುತ್ತಿದ್ದಾಳೆಂದು ಯಾರಿಗೆ ಗೊತ್ತು? ಆ ಟೇಪನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಇವತ್ತು ಸಂಜೆ ಇಂಜಿನಿಯರ್ ಬಂದು, "ನಾಳೆ ಬೆಳಗ್ಗೆ ಹಳೇದನ್ನ ಅಳಿಸಿ ನಿನ್ನ ದನಿ ಹಾಕ್ತೀನಿ ತಂಗಿ, ಎಷ್ಟು ದಿನ ಅಂತ ಮುಂದಕ್ಕೆ ಹಾಕ್ತೀಯಾ" ಎಂದಾಗ ಅವಳಿಗೆ ಅಳು ಬಂತೋ ನೆಮ್ಮದಿಯಾಯಿತೋ ಅವಳಿಗೇ ತಿಳಿಯಲಿಲ್ಲ.

ಎರಡೂವರೆಗೆ ಒಂದು ಫೋನ್ ಬಂತು.

"ನಾನು ಆಸ್ಪತ್ರೇಲಿ ಬಟ್ಟೆ ಒಗೆಯೋಳಮ್ಮ. ಗೂಬೆಯಣ್ಣ ಇಲ್ವಾ ಇವತ್ತು?"

ತಂಗಿಗೆ ಕಸಿವಿಸಿಯಾಯಿತು. "ನೀವು... ಈಚೆಗೆ ರೇಡಿಯೋ ಕೇಳಿಲ್ವಾ?"

"ಎಲ್ಲಿ ಕೇಳ್ಲಿ? ನಾಲ್ಕು ತಿಂಗಳು ಅಕ್ಕನ ಊರಲ್ಲಿದ್ದೆ, ಅಲ್ಲಿಗೆ ನಿಮ್ ಸ್ಟೇಷನ್ ಸಿಗಲ್ಲ. ನಿನ್ನೆ ಬಂದೆ. ಹೋಗೋ ಹಿಂದಿನ ರಾತ್ರಿ ಅವರ ಹತ್ರ ಮಾತಾಡಿದ್ದೆ. ಮಗಳು ತೀರ್ಕೊಂಡು ವಾರ ಆಗಿತ್ತು ಕಣಮ್ಮ. ಅವಳ ಹೊದಿಕೆ ನನ್ನ ಕೈಗೇ ಒಗೆಯೋಕೆ ಬಂತು. ಯಾರ ಹತ್ರಾನೂ ಹೇಳಿರ್ಲಿಲ್ಲ, ಅವರ ಹತ್ರ ಹೇಳ್ದೆ."

ಆ ರಾತ್ರಿ ಲೈನಿನಲ್ಲಿದ್ದ ಹೆಂಗಸು ಇವಳೇ. ಲೈನ್ ಕತ್ತರಿಸಬಹುದಿತ್ತು. ಕತ್ತರಿಸುವ ಗುಂಡಿ ಬೆರಳಿಗೆ ಎಟುಕುವಂತೆಯೇ ಇತ್ತು. ಇನ್ನೊಂದು ಫೋನ್ ಕಟ್ ಮಾಡಲು ಅವಳಿಗೆ ಆಗಲಿಲ್ಲ.

"ಮೊದಲು ಅವರು ಊರಿಗೊಂದು ಹಾಡು ಹಾಕಿ, ಲೈನಲ್ಲೇ ಇರವ್ವಾ, ತಂಗಿಗೊಂದು ಫೋನ್ ಮಾಡ್ಬೇಕು ಅಂದ್ರು. ಅವರ ಉಸಿರು ಯಾಕೋ ಭಾರವಾಗಿತ್ತು. ರಿಂಗ್ ಆಗೋದು ನಂಗೂ ಕೇಳಿಸ್ತಿತ್ತು. ಎರಡು ರಿಂಗ್ ಹೋಯ್ತು, ಆ ಕಡೆಯಿಂದ ಕಟ್ ಆಯ್ತು. ಅವರು ನಕ್ಕು, 'ಮಲಗ್ಲಿ ಬಿಡು ಪಾಪ, ದಿನವಿಡೀ ಹೊಲಿದಿರ್ತಾಳೆ' ಅಂದ್ರು. ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ ದನಿ ಎಷ್ಟು ಗೆಲುವಾಗಿ ಬಂತು ಅಂತೀರಾ! ಅರ್ಧ ಗಂಟೆ ನನ್ನ ಸಂಕಟ ಕೇಳಿದ್ರು, ಒಂದು ಸಲಾನೂ ಮಧ್ಯೆ ಬಾಯಿ ಹಾಕ್ಲಿಲ್ಲ. ಅವತ್ತು ಅವರಿಲ್ದಿದ್ರೆ ಬೆಳಗಾಗೋವರೆಗೆ ನಾನಿರ್ತಿರ್ಲಿಲ್ಲ. ಒಂಚೂರು ಕರೀರಮ್ಮ, ಋಣ ದೊಡ್ಡದು."

ತಂಗಿ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಮಲಗ್ಲಿ ಬಿಡು ಪಾಪ. ಅವನು ಬೈದಿದ್ದರೆ ಹೇಗೋ ಬದುಕಬಹುದಿತ್ತು. ಈ ಮಾತು ಈಗ ಇಡೀ ಊರಿಗೆ ಕೇಳಿಸಿದೆ, ದಿನವೂ ತಲೆದಿಂಬಿನ ಪಕ್ಕ ರೇಡಿಯೋ ಇಟ್ಟುಕೊಂಡು ಮಲಗುವ ಅತ್ತಿಗೆಗೂ ಕೇಳಿಸಿದೆ. ಆಫ್ ಆದ ಫೋನು ಎರಡು ರಿಂಗ್ ಆಗಿ ಕಟ್ ಆಗುವುದಿಲ್ಲ ಎಂದು ತಿಳಿಯಲು ಯಾವ ಓದೂ ಬೇಕಿಲ್ಲ. ಆ ಕಡೆ ಬಟ್ಟೆ ಒಗೆಯುವವಳು ಅಣ್ಣನಿಗಾಗಿ ಸುಮ್ಮನೆ ಕಾಯುತ್ತಿದ್ದಳು. ಯಂತ್ರದ ಹಳದಿ ದೀಪ ಹತ್ತಿತು, ಟೇಪು ಶುರುವಾಗಲು ಇನ್ನು ಹತ್ತು ಸೆಕೆಂಡು. ಏನಾದರೂ ಅನ್ನು, ಬೆಕ್ಕಿನ ಕಥೆಯಾದರೂ ಹೇಳು ಎಂದು ಅವಳು ತನ್ನನ್ನೇ ಬೇಡಿಕೊಂಡಳು.

"ಹಾಂ, ಬಂದೆ ಬಂದೆ," ಎಂದ ಅಣ್ಣ. "ಕುರ್ಚಿ ಸರಿಮಾಡ್ಕೊಳ್ತಿದ್ದೆ. ಹೇಳಿ, ಹೇಗಿದೀರಿ?"

ಜಮಖಾನೆಯ ಗೋಡೆಗಳ ನಡುವೆ, ಅವಳ ಬೆನ್ನ ಹಿಂದೆಯೇ ಅವನು ನಿಂತ ಹಾಗಿತ್ತು.

"ಬಂದ್ರಾ ಅಣ್ಣಾ!" ಎಂದಳು ಬಟ್ಟೆ ಒಗೆಯುವವಳು. "ಈಗ ಪರವಾಗಿಲ್ಲ. ನಿದ್ದೆ ಬರ್ತಿದೆ."

"ಒಳ್ಳೇದಾಯ್ತು. ಮನಸ್ಸಲ್ಲಿ ಏನೋ ಇದೆ ನಿಮಗೆ. ಹೇಳ್ಬಿಡಿ. ನಾನೆಲ್ಲೂ ಹೋಗಲ್ಲ."

ಟೇಪು ಜಾಗ ಬಿಟ್ಟಿತು. ಬಟ್ಟೆ ಒಗೆಯುವವಳಿಗೆ ಹೇಳುವುದೇನೂ ಉಳಿದಿರಲಿಲ್ಲ. ಆ ಜಾಗ ಖಾಲಿ ಬಿದ್ದಿತ್ತು, ತಂಗಿ ಅದರೊಳಕ್ಕೆ ಬಿದ್ದಳು.

"ಅಣ್ಣಾ, ನಾನು ಕಣೋ. ಫೋನ್ ಆಫ್ ಆಗಿರ್ಲಿಲ್ಲ. ನಿನ್ನ ನಂಬರ್ ನೋಡ್ದೆ. ನೋಡಿ ಕಟ್ ಮಾಡ್ದೆ."

"ಹೂಂ," ಎಂದ ಅಣ್ಣ. "ಆಮೇಲೆ?"

"ಆಮೇಲೆ... ಅತ್ತಿಗೆಗೆ ಸುಳ್ಳು ಹೇಳ್ದೆ. ಲಾರಿ ಡ್ರೈವರ್ ಹೆಂಡ್ತಿ ಆಗೋಕೆ ಕರೀತಿದೀಯ ಅಂದ್ಕೊಂಡೆ ಕಣೋ. ನೀನು ಸಾಯ್ತಿದೀಯ ಅಂತ ನಂಗೇನು ಗೊತ್ತು?"

ಲೈನಿನಲ್ಲಿದ್ದವಳು "ಅಯ್ಯೋ" ಎಂದಳು. ಅವಳಿಗೂ ಈಗ ತಿಳಿಯಿತು. ಅವಳು ಅಳತೊಡಗಿದಳು, ಫೋನ್ ಮಾತ್ರ ಇಡಲಿಲ್ಲ. ಟೇಪಿನ ಅಣ್ಣ ತನ್ನ ಪಾಡಿಗೆ, ಹೌದಾ, ಎಲ್ಲರ ಮನೇಲೂ ಇರೋದೇ ಎನ್ನುತ್ತಿದ್ದ.

ಎರಡನೇ ಫೋನಿನ ದೀಪ ಮಿನುಗಿತು. ಅತ್ತಿಗೆಯ ನಂಬರು. ತಂಗಿ ಎರಡನೇ ರಿಂಗ್ ಆಗಲು ಬಿಡದೆ ಎತ್ತಿ ಕಿವಿಗೊತ್ತಿಕೊಂಡಳು. ಇದು ಊರಿಗೆ ಕೇಳಿಸುವ ಫೋನಲ್ಲ. ಆ ಕಡೆಯ ರೇಡಿಯೋದಲ್ಲೂ ಅಣ್ಣನ ದನಿಯೇ ಇತ್ತು.

"ಅತ್ತಿಗೆ, ಬೈಯಿರಿ," ಎಂದಳು.

ಅತ್ತಿಗೆ ಬೈಯಲಿಲ್ಲ. "ನಿನಗಿಂತ ಮೊದ್ಲು ನನಗೆ ಮಾಡಿದ್ರು ಕಣೇ. ಎರಡು ಮೂವತ್ತೆಂಟಕ್ಕೆ. ಈ ಚಳೀಲಿ ಯಾವ ಟೀಚರು ಏಳ್ತಾಳೆ ಅಂತ ಫೋನನ್ನ ದಿಂಬಿನ ಕೆಳಗೆ ತಳ್ಳಿದೆ."

ಅತ್ತ ಒಂದು ಹಾಸಿಗೆಯ ಮೇಲೆ, ಇತ್ತ ಒಂದು ಕುರ್ಚಿಯ ಮೇಲೆ, ಟೇಪು ಮುಗಿಯುವವರೆಗೂ ಇಬ್ಬರೂ ಕೂತು ಕೇಳಿದರು. ಕೊನೆಗೆ ಅಣ್ಣ ಕುರ್ಚಿ ಜರುಗಿಸಿದ ಸದ್ದು ಬಂತು.

"ಹಲೋ? ಲೈನಲ್ಲಿ ಯಾರಾದ್ರೂ ಇದೀರಾ?" ಎಂದು ಅವನು ಕೇಳಿದ.

"ಇದೀವಿ," ಎಂದರು ಇಬ್ಬರೂ ಒಟ್ಟಿಗೆ.