ಉಣಿಸಿದವ

ಅಕ್ಕಿಯ ತಟ್ಟೆ ಗೌರಾಬಾಯಿಯ ಮೂಗಿನ ಮುಂದೆ ಬಂದು, ಹಾಗೇ ಮುಂದಕ್ಕೆ ಹೋಯಿತು.

ಆಳಂದದ ವ್ಯಂಕಟೇಶ ಮಾಸ್ತರರು ಅಂಗಳದಲ್ಲಿ ಚಟ್ಟದ ಮೇಲೆ ಮಲಗಿದ್ದರು. ಮೂವತ್ತು ವರ್ಷ ಊರಿಗೆಲ್ಲ ಇಂಗ್ಲಿಷ್ ಕಲಿಸಿದ ಬಾಯಿಗೆ ಈಗ ಮನೆಯವರು ಒಬ್ಬೊಬ್ಬರಾಗಿ ಅಕ್ಕಿಕಾಳು ಹಾಕುತ್ತಿದ್ದರು. ತಟ್ಟೆ ಹಿಡಿದವನು ಮಾಸ್ತರರ ಅಣ್ಣನ ಮಗ ಗೋವಿಂದ. ವಕೀಲ, ಗುಲ್ಬರ್ಗದಿಂದ ಬೆಳಗಿನ ಬಸ್ಸಿಗೆ ಬಂದವನು ದುಃಖಕ್ಕೂ ವಾರಸುದಾರರ ಪಟ್ಟಿ ಮಾಡಿಕೊಂಡಿದ್ದ.

"ಬಾಯಾರ, ಸ್ವಲ್ಪ ಹಿಂದ ಸರೀರಿ. ಇದು ಮನಿ ಮಂದೀದು."

"ನಾನೂ ಇದೇ ಮನ್ಯಾಗ ಬೆಳದೇನ್ರಿ."

"ಬೆಳದೀರಿ, ಖರೆ. ಹುಟ್ಟಿಲ್ಲಲ್ರಿ."

ಅದಕ್ಕೆ ಗೌರಾಬಾಯಿಯ ಹತ್ತಿರ ಉತ್ತರವಿತ್ತು. ಇಪ್ಪತ್ಮೂರು ವರ್ಷದಿಂದ ಇತ್ತು. ಆದರೆ ಹೆಣದ ಮುಂದೆ ಡಿಕ್ಷನರಿ ಬಿಚ್ಚುವುದು ಹೇಗೆ?

*

೧೯೭೧. ಸರಸಂಬಾದಲ್ಲಿ ತಾಯಿತಂದೆ ಇಬ್ಬರನ್ನೂ ಕಳೆದುಕೊಂಡ ಹನ್ನೊಂದರ ಹುಡುಗಿಯನ್ನು ಮದುವೆಯಿಲ್ಲದ ಮಾಸ್ತರರು ಮನೆಗೆ ತಂದು ಶಾಲೆಗೆ ಹಾಕುತ್ತಿದ್ದರು. ಫಾರಮ್ಮಿನಲ್ಲಿ ತೀರಿಹೋದ ತಂದೆ ಬಸವಂತರಾಯನ ಹೆಸರು ಬರೆದು, ಕೆಳಗೆ ತಮ್ಮ ಹೆಸರಿನ ಜೊತೆ 'ಫಾಸ್ಟರ್ ಫಾದರ್' ಎಂದು ಸೇರಿಸಿದರು. ಹಾಗಂದರೆ ಸಾಕುತಂದೆ ಎಂದು ತಿಳಿದದ್ದೇ ಗೌರಾ ಮುಖ ಉಬ್ಬಿಸಿದಳು.

"ಬರೇ ಫಾದರ್ ಅಂತ ಬರೀರಿ. ಅದಕ್ಕ ಕೊಂಬು ಯಾಕ್ ಹಚ್ಚೀರಿ?"

"ಕೊಂಬಲ್ಲ ಹುಚ್ಚಿ, ಅದು ಹೊಟ್ಟಿ."

ಮಾಸ್ತರರು ದಪ್ಪ ಡಿಕ್ಷನರಿ ಬಿಡಿಸಿ ಬೆರಳಿಟ್ಟರು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಫಾಸ್ಟರಿನ ಮೂಲ ಅರ್ಥ ಊಟ, ಅನ್ನ. "ಹುಟ್ಟಿಸಿದವ ಅಲ್ಲ, ಉಣಿಸಿದವ."

ಹುಡುಗಿ ಬಾಯಿ ತೆರೆದು ಕೂತಳು. ಕಂಡರಿಯದ ದೇಶದ, ಎಂದೋ ಸತ್ತ ಮಂದಿ ತನ್ನ ಊಟವನ್ನು ಒಂದು ಶಬ್ದದೊಳಗೆ ಕಟ್ಟಿಟ್ಟು ಹೋಗಿದ್ದರು. ಅಷ್ಟರಲ್ಲಿ ಒಲೆಯ ಮೇಲೆ ರೊಟ್ಟಿ ಸೀದಿತು. ಕರಕಾದದ್ದನ್ನು ಮಾಸ್ತರರು ತಾವಿಟ್ಟುಕೊಂಡು, ಒಳ್ಳೆಯದರ ತುತ್ತು ಮುರಿದು, ಉಫ್ ಉಫ್ ಎಂದು ಊದಿ ಅವಳ ಬಾಯಿಗಿಟ್ಟರು.

*

"ಗೋವಿಂದಾ."

ಮೂಲೆಯಿಂದ ಕರೆದವಳು ಮಾಸ್ತರರ ಅಕ್ಕ ಮಥುರಾಬಾಯಿ. ಎಂಬತ್ತರ ಮಡಿ ಮುದುಕಿ. ಗೌರಾಬಾಯಿ ಹತ್ತಿರ ಸುಳಿದರೆ ಸಾಕು, ಸೀರೆ ಎತ್ತಿ ಹಿಡಿಯುವವಳು.

"ವರ್ಷಾತು, ನನ್ನ ತಮ್ಮನ ಕೈ ಎದ್ದಿದ್ದಿಲ್ಲ. ನೀ ಎಷ್ಟು ತುತ್ತು ಹಾಕೀದಿ?"

ಕಡಗಂಚಿಯ ಶಾಲೆಯಲ್ಲಿ ಪಾಠ ಮುಗಿಸಿ, ದಿನಾ ಬಸ್ಸಿಳಿದು ಬಂದು ಉಣಿಸುತ್ತಿದ್ದವಳು ಯಾರೆಂದು ಅಂಗಳಕ್ಕೆಲ್ಲ ಗೊತ್ತಿತ್ತು.

ಮುದುಕಿ ತಟ್ಟೆ ಕಸಿದು ತಾನೇ ಗೌರಾಬಾಯಿಯ ಮುಂದೆ ಹಿಡಿದಳು. ಬೆರಳಿಗೆ ಬೆರಳು ತಾಕಿತು. ಸೀರೆ ಎತ್ತಲಿಲ್ಲ.

ಗೌರಾಬಾಯಿ ನಾಲ್ಕು ಕಾಳು ತೆಗೆದುಕೊಂಡು ಬಗ್ಗಿದಳು. ಆ ಹಸಿ ಅಕ್ಕಿಯನ್ನು ಅವಳು ತುಟಿಯ ಹತ್ತಿರ ತಂದು, ಮೆಲ್ಲಗೆ ಎರಡು ಸಲ ಊದಿ, ಮಾಸ್ತರರ ಬಾಯಿಗಿಟ್ಟಳು.