ಮುರಿದರೂ ಹಾರದ ಬ್ಯಾಟು

ಯಾರ ಮನೆಗೆ ಹೋದರೂ ಕೂರುವ ಮುಂಚೆ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡುವ ಮನುಷ್ಯ ನನ್ನ ಗಂಡ. ಕಾಲಿನ ಮರದ ಎಳೆ ನೇರವೋ ಓರೆಯೋ ಎಂದು ಹೆಬ್ಬೆರಳಿನಿಂದ ಸವರುತ್ತಿದ್ದರು. ಓರೆಯಿದ್ದರೆ ಕೂರುತ್ತಿರಲಿಲ್ಲ. ನನ್ನ ಅಕ್ಕನ ಮನೆಯಲ್ಲೂ ಹೀಗೆ ಮಾಡಿದಾಗ ಅಕ್ಕ, "ನಿನ್ನ ಗಂಡನಿಗೆ ನಮ್ಮ ಕುರ್ಚಿ ಆಗಿಬರಲ್ವೇನೇ?" ಎಂದು ಮುಖ ಊದಿಸಿಕೊಂಡಳು. "ಆಗಿಬರುತ್ತೆ. ಅದರ ಹಿಂದಿನ ಎಡಗಾಲು ಆಗಿಬರಲ್ಲ" ಅಂದರು ಇವರು.

ಮೂವತ್ತು ವರ್ಷ ಬೇಸ್‌ಬಾಲ್ ಬ್ಯಾಟು ಕಡೆದವರು. ಲೇತಿನ ಮುಂದೆ ನಿಂತು ನಿಂತು ಎಡಭುಜ ಮುಂದಕ್ಕೆ ಬಂದು, ರಸ್ತೆಯಲ್ಲಿ ನಡೆದರೆ ಕಾಣದ ಬಾಗಿಲನ್ನು ತಳ್ಳಿಕೊಂಡು ಹೋಗುತ್ತಿರುವ ಹಾಗೆ ಕಾಣುತ್ತಿತ್ತು. ಇದ್ದದ್ದು ಒಂದೇ ಕಂದು ಕೋಟು. ಬಲಜೇಬಿನಲ್ಲಿ ಶಾಯಿ ಸೀಸೆ, ಜೇಬೆಲ್ಲ ಕಪ್ಪು. ಒಗೆದು ಒಗೆದು ನನಗೆ ಸಾಕಾಗಿತ್ತು. ಏನು ಕೇಳಿದರೂ "ಒಣಗಲಿ, ನೋಡೋಣ" ಅನ್ನುವರು. ಮಗಳಿಗೆ ಗಂಡು ಒಪ್ಪಿಗೆಯೋ ಎಂದು ಕೇಳಿದರೂ ಅದೇ ಉತ್ತರ.

ಮೊದಲು ಅವರ ಕಾರ್ಖಾನೆಯಲ್ಲಿ ಆಶ್ ಮರದ ಬ್ಯಾಟು. ಆ ಮರ ಸೋಲುವ ಮುಂಚೆ ಸಿಬಿರೆದ್ದು ತಿಳಿಸುತ್ತದೆ. ಆಮೇಲೆ ಆಟಗಾರರಿಗೆ ಮೇಪಲ್ ಮರದ್ದು ಬೇಕಾಯಿತು. ಅದು ಗಟ್ಟಿ, ಮೈ ನುಣುಪು, ಆದರೆ ಸುಳಿವು ಕೊಡದೆ ಒಡೆಯುತ್ತದೆ. ತುಂಡು ಹಾರುತ್ತದೆ. ಬ್ಯಾಟಿನ ಮೇಲೆ ಕಾರ್ಖಾನೆಯ ಮುದ್ರೆ ಇರುತ್ತದಲ್ಲ, ಆಟಗಾರ ಅದನ್ನು ಆಕಾಶಕ್ಕೆ ಮುಖ ಮಾಡಿ ಹಿಡಿಯುತ್ತಾನೆ, ಚೆಂಡು ಮುದ್ರೆಯ ಪಕ್ಕದ ಮೈಗೆ ಬಡಿಯುತ್ತದೆ. ಮರದ ಯಾವ ಮೈ ಪೆಟ್ಟು ತಿನ್ನಬೇಕು ಅನ್ನುವುದು ಮುದ್ರೆ ಒತ್ತಿದ ಜಾಗದ ಮೇಲೆ ನಿಂತಿದೆ. ಮೇಪಲ್‌ಗೆ ಅದನ್ನು ಕಾಲು ಸುತ್ತು ತಿರುಗಿಸಿ ಒತ್ತಬೇಕು. ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಬೆಳಿಗ್ಗೆ, ಹನ್ನೊಂದು ವರ್ಷ ಆಶ್‌ಗೆ ಒತ್ತಿದ ಕೈ ಹಳೆಯ ಜಾಗಕ್ಕೇ ಒತ್ತಿಬಿಟ್ಟಿತು.

ಆ ಬ್ಯಾಟು ಕಾರ್ಖಾನೆಯವರ ಭಾನುವಾರದ ಆಟಕ್ಕೆ ಹೋಯಿತು. ಚೆಂಡು ಎಸೆಯುತ್ತಿದ್ದವನು ನನ್ನ ತಮ್ಮ. ಹಿಡಿಯ ಹತ್ತಿರ ಮುರಿದ ತುಂಡು ಗಿರಗಿರ ಬಂದು ಅವನ ಎಡಗಣ್ಣಿಗೆ ಬಡಿಯಿತು. ಕಣ್ಣು ಉಳಿಯಲಿಲ್ಲ.

ಇವರು ಆ ತುಂಡನ್ನು ಆಸ್ಪತ್ರೆಗೇ ತಂದಿದ್ದರು. ಎಳೆ ನೋಡಿದರು, ಓರೆ. ಮುದ್ರೆ ನೋಡಿದರು. "ನನ್ನ ಕೈ" ಅಂದರು.

ನನ್ನ ತಮ್ಮ ಕೋಪ ಇಟ್ಟುಕೊಳ್ಳಲಿಲ್ಲ. ಅದೇ ಇವರಿಗೆ ಕಷ್ಟವಾಯಿತು. ಊಟಕ್ಕೆ ಬಂದರೆ, "ಭಾವ, ಲೋಟ ಈ ಕಡೆ ಇಡಿ, ಆ ಕಡೆ ಅಂಗಡಿ ಬಾಗಿಲು ಹಾಕಿದೆ" ಎಂದು ನಗುವನು. ಇವರು ಲೋಟ ಸರಿಸಿ ಎದ್ದು ಹೋಗುವರು.

"ಅವನೇ ಮರೆತಿದಾನೆ, ನಿಮಗೇನ್ರೀ ಬಂದಿರೋದು?" ಎಂದು ನಾನು ಬೈದೆ.

"ಅವನು ಮರೀಬಹುದು" ಅಂದರು.

ಅಂದಿನಿಂದ ಅವರಿಗೆ ಬೇಕಾದದ್ದು ಒಂದೇ. ಮುರಿಯದ ಬ್ಯಾಟು ಲೋಕದಲ್ಲಿಲ್ಲ, ಮುರಿದರೂ ಹಾರದ ಬ್ಯಾಟು ಆಗಬೇಕು. ಕಾರ್ಖಾನೆಯಲ್ಲಿ ಹತ್ತಕ್ಕೊಂದು ಬ್ಯಾಟಿನ ಹಿಡಿಗೆ ಒಂದು ಹನಿ ಶಾಯಿ ಬಿಡುವ ಪದ್ಧತಿಯಿತ್ತು. ಶಾಯಿ ಎಳೆಯ ಜಾಡಿನಲ್ಲಿ ಹರಿಯುತ್ತದೆ. ನೇರ ಹರಿದರೆ ಸರಿ, ಓರೆ ಹರಿದರೆ ಆ ಮರ ಅಲ್ಲೇ ಸೀಳುತ್ತದೆ. ಇವರು ಒಂದನ್ನೂ ಬಿಡದೆ ಎಲ್ಲದಕ್ಕೂ ಹನಿ ಹಾಕಿದರು. ಹಗುರ ಮರ ಬೇಡವೆಂದರು, ಹಿಡಿ ದಪ್ಪ ಮಾಡಿದರು. ಆಟಗಾರರು ಗೊಣಗಿದರು. ಮೇಲ್ವಿಚಾರಕ ಬಂದು ಕೂಗಾಡಿದ: "ಏನ್ರೀ, ಬ್ಯಾಟು ಮಾಡ್ತಿದೀರೋ ಒನಕೆ ಮಾಡ್ತಿದೀರೋ?"

"ಒನಕೆ ಯಾರ ಕಣ್ಣೂ ತೆಗೆದಿಲ್ಲ, ಸಾರ್" ಅಂದರಂತೆ.

ಏಳು ವರ್ಷ ಹೀಗೇ ಹೋಯಿತು. ಬಚ್ಚಲಿನ ಗೋಡೆಗೆಲ್ಲ ಮುರಿದ ಹಿಡಿಗಳು. ಒಂದು ದಿನ ತಮ್ಮ ಬಂದು, "ಯಾರಾದ್ರೂ ಹೊಸ ಬ್ಯಾಟು ಹಿಡೀಲಿ ಭಾವ, ನಾನೇ ಎದುರಿಗೆ ನಿಂತು ಎಸೀತೀನಿ" ಅಂದ.

ಇವರು ಕೈಯಲ್ಲಿದ್ದ ಹಿಡಿಯನ್ನು ಕೆಳಗಿಟ್ಟರು. "ನಿನ್ನ ಮೇಲೆ ಪರೀಕ್ಷೆ ಮಾಡೋಕಲ್ಲ ಕಣೋ ಇದನ್ನ ಮಾಡಿದ್ದು."

"ಮತ್ತೆ ಯಾರ ಮೇಲೆ? ಗುರುತಿಲ್ಲದೋರ ಮೇಲಾ?"

ಇವರು ಮಾರನೆಯ ವಾರ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಬ್ಯಾಟನ್ನು ಕಬ್ಬಿಣದ ಹಿಡಿತಕ್ಕೆ ಬಿಗಿದು ಯಂತ್ರದಿಂದ ಚೆಂಡು ಹೊಡೆಸಿದರು. ನಾನೂ ತಮ್ಮನೂ ಬಲೆಯ ಹಿಂದೆ ಕೂತಿದ್ದೆವು. ಟಕ್, ಟಕ್, ತಲೆ ಸಿಡಿಯುವಷ್ಟು ಹೊತ್ತು. ಸಂಜೆಗೆ ಮುರಿಯಿತು. ಹಿಡಿಯುದ್ದಕ್ಕೂ ಸೀಳು ಬಿಟ್ಟು, ಎರಡು ತುಂಡೂ ಎಳೆಗಳಲ್ಲೇ ಜೋತುಬಿದ್ದವು. ಹಾರಲಿಲ್ಲ. ತಮ್ಮ ಚಪ್ಪಾಳೆ ತಟ್ಟಿದ. ಇವರು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತರು.

"ಆಯ್ತಲ್ಲ, ಇನ್ನಾದ್ರೂ ಮನೆಗೆ ಬನ್ನಿ" ಅಂದೆ.

"ಇದೊಂದಾಯ್ತು. ಉಳಿದವು?" ಅಂದರು.

ಉಳಿದವನ್ನು ನೋಡುತ್ತಲೇ ಇದ್ದರು. ಹೋದ ವರ್ಷ ಎದೆನೋವು ಬಂದು ತೀರಿಹೋದರು. ನನ್ನ ತಮ್ಮ ಹೆಗಲು ಕೊಟ್ಟ. ಎಡಗಡೆ ಕಾಣದೆ ದಾರಿಯಲ್ಲಿ ಎರಡು ಸಲ ಎಡವಿದ, ಬಿಡು ಅಂದರೂ ಬಿಡಲಿಲ್ಲ.

ಇಂಥವರು ಎಲ್ಲ ಕಸುಬಿನಲ್ಲೂ ಇರುತ್ತಾರೆ ಅಂತ ಕಾಣುತ್ತದೆ. ಸೇತುವೆಯ ಬೋಲ್ಟು ಬಿಗಿಯುವವರಲ್ಲಿ, ಔಷಧಿ ಸೀಸೆಗೆ ಚೀಟಿ ಅಂಟಿಸುವವರಲ್ಲಿ. ಒಮ್ಮೆ ಕೈ ತಪ್ಪಿದ ಮೇಲೆ ಅವರಿಗೆ ಬಿಡುವಿಲ್ಲ, ಅವರನ್ನು ಕಟ್ಟಿಕೊಂಡವರಿಗೂ ಇಲ್ಲ. ಪೆಟ್ಟು ತಿಂದವನ ಮುಖ ಅವರಿಗೆ ದಿನವೂ ಕಾಣುತ್ತದೆ. ಪೆಟ್ಟು ತಪ್ಪಿದವರಿಗೆ ಮುಖವೇ ಇಲ್ಲ. ತಮಗೊಂದು ಪೆಟ್ಟು ತಪ್ಪಿತೆಂದು ಅವರಿಗೇ ಗೊತ್ತಿಲ್ಲ, ಇನ್ನು ಬಂದು ಹೇಳುವುದೆಲ್ಲಿ? ಅಂಥ ಒಬ್ಬ ಬಂದು ಹೇಳಿದ್ದಿದ್ದರೆ, ಇವರು ಒಂದು ದಿನವಾದರೂ ಬೇಗ ಮನೆಗೆ ಬರುತ್ತಿದ್ದರೋ ಏನೋ.